ಸಭೆಯ ಸೇವೆಗೂ ಒಂದು ಕೊನೆಯ ತಾರೀಖು: ನನ್ನ ಅನುಭವ

ನನ್ನದು ಬೇಕರಿ ವ್ಯಾಪಾರ. ಹೊಸ ತಿಂಡಿ ಮಾಡಿದರೆ ಮೊದಲು ಒಂದೇ ಟ್ರೇ ಇಡುತ್ತೇನೆ. ಖಾಲಿಯಾದರೆ ಮುಂದುವರಿಸುತ್ತೇನೆ, ದಿನಾ ಉಳಿದರೆ ನಿಲ್ಲಿಸುತ್ತೇನೆ. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಉಡುಪಿ ಕಡೆಯ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯ, ಅಂದರೆ ಚರ್ಚಿನ, ಕಮಿಟಿಗೆ ಸೇರಿದಾಗ ಕಂಡದ್ದು ಬೇರೆಯೇ. ಅಲ್ಲಿ ಒಮ್ಮೆ ಶುರುವಾದ ಸೇವೆಗೆ ಮುಗಿಯುವುದೇ ಗೊತ್ತಿಲ್ಲ. ಕರಪತ್ರ ಹಂಚುವ ತಂಡ, ಆಸ್ಪತ್ರೆ ಭೇಟಿ ತಂಡ, ಮನೆಕೂಟದ ತಂಡ, ಹೀಗೆ ವಾರ್ಷಿಕ ವರದಿಯಲ್ಲಿ ಹೆಸರುಗಳ ಸಾಲೇ ಸಾಲು. ಕೆಲಸಕ್ಕೆ ಬರುವವರು ಮಾತ್ರ ಎಲ್ಲ ತಂಡಕ್ಕೂ ಅದೇ ನಾಲ್ಕು ಜನ. ಕುರ್ಚಿ ಎಲ್ಲಿ ಹಾಕಬೇಕು ಅಂತ ಕೇಳಲಿಕ್ಕೂ ಅಯ್ಯನವರಿಗೇ, ಅಂದರೆ ಸಭೆಯ ಪಾದ್ರಿಗಳಿಗೇ, ಫೋನು.

ಸೇವಾ ತಂಡಗಳನ್ನು ನೋಡಿಕೊಳ್ಳುವ ಕೆಲಸ ನನಗೆ ಬಂದಾಗ ಕಮಿಟಿಯ ಮುಂದೆ ಒಂದು ಮಾತು ಇಟ್ಟೆ. ಹೊಸ ತಂಡಕ್ಕೆ 5,000 ರೂಪಾಯಿ ಕೊಡೋಣ. ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ತಂಡವೇ ತೀರ್ಮಾನಿಸಲಿ, ಬಿಲ್ಲು ಮಾತ್ರ ಟ್ರೆಷರರ್‌ಗೆ ಬರಲಿ. ಮೂರು ತಿಂಗಳ ಮೇಲೆ ಒಂದು ತಾರೀಖು ಬರೆದಿಡೋಣ. ಆ ದಿನ ತಂಡ ತಾನಾಗಿಯೇ ಮುಗಿಯುತ್ತದೆ. ಮುಂದುವರಿಯಬೇಕಾದರೆ ಹೊಸದಾಗಿ ಕೇಳಬೇಕು. ಬೆಳೆ ಹಬ್ಬದ ಏಲಂನಲ್ಲಿ ಸೌತೆಕಾಯಿ, ತೆಂಗಿನಕಾಯಿ, ಊರ ಕೋಳಿ ಕೂಗಿ ಬಂದ ದುಡ್ಡಿತ್ತು. ಅದು ಹೋದರೂ ಸಭೆ ಮುಳುಗುವುದಿಲ್ಲ. ತಡೆದುಕೊಳ್ಳುವಷ್ಟೇ ಪಣಕ್ಕಿಡಬೇಕು ಅನ್ನುವುದು ಅಂಗಡಿ ಇಟ್ಟವರಿಗೆಲ್ಲ ಗೊತ್ತಿರುವ ಲೆಕ್ಕ.

‘ದೇವರ ಕೆಲಸಕ್ಕೆ ಲೆಕ್ಕ ಏನು ಮಾರಾಯ, ಇದು ನಿನ್ನ ಬೇಕರಿಯಾ?’ ಅಂತ ಹಿರಿಯರೊಬ್ಬರು ಕೇಳಿದರು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುವುದಿಲ್ಲವೇ ಅಂತ ಯೇಸುವೇ ಕೇಳಿದ್ದಾನೆ, ಬೈಬಲಿನ ಲೂಕ 14ರಲ್ಲಿ, ಅಂದೆ. ಅದಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ಕತೆ. 1834ರಲ್ಲಿ ಮಂಗಳೂರಿಗೆ ಬಂದ ಅವರು 1841ರಲ್ಲಿ ಮುದ್ರಣಾಲಯ ತೆರೆದರು. ಕ್ರೈಸ್ತರಾದ ಮೇಲೆ ಮನೆ, ಕಸುಬು ಎರಡೂ ಕಳೆದುಕೊಂಡವರಿಗೆ ಹೊಟ್ಟೆಪಾಡು ಬೇಕಿತ್ತು, ಹಾಗಾಗಿ ನೇಯ್ಗೆ ಶುರುಮಾಡಿದರು. ಗಡಿಯಾರದ ಕೆಲಸವನ್ನೂ ಮಾಡಿ ನೋಡಿದರು, ಕೈಹತ್ತಲಿಲ್ಲ, ಬಿಟ್ಟರು. 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ‘ಗಡಿಯಾರ ಬಿಟ್ಟರು ಅಂತ ಅವರ ಭಕ್ತಿ ಕಡಿಮೆಯಾಯಿತಾ?’ ಅಂದೆ. ಹಿರಿಯರು ನಕ್ಕರು, ಆದರೆ ಒಪ್ಪಿದೆ ಅಂತ ಬಾಯಿಬಿಟ್ಟು ಹೇಳಲಿಲ್ಲ.

ತಂಡಕ್ಕೆ ಯಾರನ್ನು ಹಾಕುವುದು? ಕೊರತೆ ಎತ್ತಿದವರನ್ನೇ. ಇದು ನನಗೆ ವ್ಯಾಪಾರ ಕಲಿಸಿದ್ದಲ್ಲ, ಬೈಬಲಿನ ಅಪೊಸ್ತಲರ ಕೃತ್ಯಗಳ 6ನೇ ಅಧ್ಯಾಯ ಕಲಿಸಿದ್ದು. ಯೆರೂಸಲೇಮಿನಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಅಂತ ದೂರು ಬಂತು. ಆ ಕೆಲಸಕ್ಕೆ ಸಭೆ ಏಳು ಜನರನ್ನು ಆರಿಸಿತು. ಸ್ತೆಫನ, ಫಿಲಿಪ್ಪ ಸೇರಿ ಏಳೂ ಹೆಸರು ಗ್ರೀಕ್ ಹೆಸರುಗಳೇ. ದೂರು ಹೇಳಿದ ಕಡೆಯವರ ಕೈಗೇ ಸೌಟು ಕೊಟ್ಟರು ಅಂತ ನಾನು ಓದಿಕೊಳ್ಳುತ್ತೇನೆ.

ನಮ್ಮಲ್ಲಿ ಹಾಗೆ ದೂರು ತಂದವಳು ನರ್ಸಿಂಗ್ ಓದುವ ಹುಡುಗಿ. ‘ಅಂಕಲ್, ಆಸ್ಪತ್ರೆಗೆ ಹೋಗಿ ಪ್ರಾರ್ಥನೆ ಮಾಡಿ ಬರುತ್ತೇವೆ. ರೋಗಿಗೆ ಊಟ ಸಿಗುತ್ತದೆ. ಪಕ್ಕದಲ್ಲಿ ಕೂತವರಿಗೆ ರಾತ್ರಿ ಏನೂ ಇಲ್ಲ’ ಅಂದಳು. ಅವಳನ್ನೇ ಮುಂದೆ ನಿಲ್ಲಿಸಿದೆವು. ಮಹಿಳಾ ಕೂಟದ ಇಬ್ಬರು ಆಂಟಿಯರು, ಆಟೋ ಇರುವ ಒಬ್ಬ ತಮ್ಮ ಸೇರಿಕೊಂಡರು. ಆಸ್ಪತ್ರೆಯವರ ಅನುಮತಿ ಅವರೇ ತಂದರು. ದುಡ್ಡೆಲ್ಲ ಸ್ಟೀಲ್ ಫ್ಲಾಸ್ಕಿಗೆ ಹೋಯಿತು. ಕುಚ್ಚಲಕ್ಕಿ ಒಬ್ಬೊಬ್ಬರ ಮನೆಯಿಂದ ಬಂತು. ಸಂಜೆ ಗಂಜಿ, ಮೇಲೆ ಒಂದು ಮಾವಿನ ಮಿಡಿ. ಗಂಜಿ ದಪ್ಪಗಿದ್ದರೆ ಫ್ಲಾಸ್ಕಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ ಅಂತ ಗೊತ್ತಾಗಿ, ತಿಳಿ ಜಾಸ್ತಿ ಬಿಟ್ಟು ಬೇಯಿಸತೊಡಗಿದರು. ಕರಪತ್ರ ಬೇಡ ಅನ್ನುವುದೂ ಅವರದೇ ತೀರ್ಮಾನ. ನಾನಾಗಿದ್ದರೆ ಸುಮ್ನೆ ನಾಲ್ಕು ಇಟ್ಟುಕೊಳ್ಳಿ ಅನ್ನುತ್ತಿದ್ದೆನೇನೋ. ಕೊಟ್ಟ ಅಧಿಕಾರದಲ್ಲಿ ಕೈ ಹಾಕಬಾರದು ಅಲ್ವಾ, ಬಾಯಿ ಮುಚ್ಚಿಕೊಂಡೆ.

ಇನ್ನೊಂದು ತಂಡ ಆನ್‌ಲೈನ್ ಬೈಬಲ್ ಕ್ವಿಜ್ ಮಾಡಿತು. ಹುಡುಗರು ಚೆನ್ನಾಗಿಯೇ ದುಡಿದರು. ಆದರೆ ನೋಡುವವರೇ ಇಲ್ಲ. ತಾರೀಖು ಬಂತು, ಮುಗಿಯಿತು. ಆರಾಧನೆ ಆದಮೇಲೆ ಅವರನ್ನು ಮುಂದೆ ಕರೆದು ಅಯ್ಯನವರು ಪ್ರಾರ್ಥಿಸಿದರು, ಸಭೆ ಚಪ್ಪಾಳೆ ತಟ್ಟಿತು, ಉಳಿದ ದುಡ್ಡು ವಾಪಸ್ ಬಂತು. ಮುಚ್ಚುವುದನ್ನು ಹೀಗೆ ಎಲ್ಲರ ಎದುರು, ಮರ್ಯಾದೆಯಿಂದ ಮಾಡಬೇಕು. ಆ ಹುಡುಗರಲ್ಲಿ ಇಬ್ಬರು ಈಗ ಗಂಜಿ ತಂಡದಲ್ಲಿದ್ದಾರೆ.

ವ್ಯಾಪಾರದ ಎಲ್ಲವೂ ಇಲ್ಲಿ ನಡೆಯುವುದಿಲ್ಲ. ಸಂಬಳ ಇಲ್ಲದವರಿಗೆ ಟಾರ್ಗೆಟ್ ಕೊಡಲಾಗದು. ಎಷ್ಟು ಜನ ಹೊಸದಾಗಿ ಸಭೆಗೆ ಬಂದರು ಅಂತ ನಾವು ಎಣಿಸುವುದೇ ಇಲ್ಲ, ಎಣಿಸಿದರೆ ಗಂಜಿ ಗಾಳವಾಗುತ್ತದೆ. ತಾರೀಖಿನ ದಿನ ನಾನು ಕೇಳುವುದು ಎರಡೇ: ವಾರ್ಡಿನವರು ‘ನಾಳೆ ಬರುತ್ತೀರಾ’ ಅಂದರಾ? ನಿಮಗೆ ಇನ್ನೊಂದು ಸಲ ಮಾಡುವ ಮನಸ್ಸಿದೆಯಾ? ಎರಡನೆಯದಕ್ಕೆ ಇಲ್ಲ ಅಂದರೆ ಮೊದಲನೆಯದು ಹೌದಾದರೂ ಬೇರೆ ಜನ ಹುಡುಕುತ್ತೇವೆ.

ಹಳೆಯ ತಂಡಗಳಿಗೆ ತಾರೀಖು ಹಾಕುವುದು ಮಾತ್ರ ಇನ್ನೂ ಆಗಿಲ್ಲ. ಕರಪತ್ರದ ತಂಡ ಶುರುಮಾಡಿದವರ ಮಕ್ಕಳು, ಮೊಮ್ಮಕ್ಕಳು ಸಭೆಯಲ್ಲಿದ್ದಾರೆ. ಮುಂದಿನ ಕಮಿಟಿಯಲ್ಲಿ ಆ ವಿಷಯ ತರುವ ಮೊದಲು ಅವರ ಮನೆಗೆ ಹೋಗಿ ಮಾತಾಡಬೇಕು.