ಭಾನುವಾರ ಬೆಳಿಗ್ಗೆ ಟ್ರಿಪ್ ಆಗುತ್ತಿದ್ದ ನಮ್ಮ ಜನರೇಟರ್

ನಮ್ಮದು ಬೆಂಗಳೂರಿನಲ್ಲಿ 48 ಮನೆಗಳ ಅಪಾರ್ಟ್‌ಮೆಂಟ್. 125 ಕೆವಿಎ (ಜನರೇಟರ್ ಸಾಮರ್ಥ್ಯದ ಅಳತೆ) ಡಿಜಿ, ಅಂದರೆ ಡೀಸೆಲ್ ಜನರೇಟರ್ ಇದೆ. ಭಾನುವಾರ ಬೆಳಿಗ್ಗೆ ಕರೆಂಟ್ ಹೋದರೆ ಹತ್ತು ಹದಿನೈದು ನಿಮಿಷ ಓಡಿ ಟ್ರಿಪ್ ಆಗುತ್ತಿತ್ತು. ಲಿಫ್ಟ್‌ನಲ್ಲಿ ಸಿಕ್ಕಿಕೊಂಡವರ ಬೈಗುಳವೆಲ್ಲ ಮೆಂಟೆನೆನ್ಸ್ ನೋಡಿಕೊಳ್ಳುವ ನನಗೆ. ಸರ್ವಿಸ್‌ಗೆ ಬಂದವರು "ಸೆಟ್ ಸಾಲಲ್ಲ ಸಾರ್, 200 ಕೆವಿಎ ಹಾಕಿಸಿ" ಎಂದರು. ಅಷ್ಟು ದುಡ್ಡು ಎಲ್ಲಿಂದ ತರೋದು?

ನಾನು ಓದಿದ್ದು ಎಲೆಕ್ಟ್ರಿಕಲ್ ಡಿಪ್ಲೊಮಾ. ಮೊದಲು ಅಳೆದೇ ಬಿಡೋಣ ಅಂತ ಮುಂದಿನ ಭಾನುವಾರ ಎಂಟು ಗಂಟೆಗೆ ಡಿಜಿ ಓಡಿಸಿ, ಟಾಂಗ್ ಟೆಸ್ಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಿಡಿದು ಪ್ಯಾನೆಲ್ ಮುಂದೆ ನಿಂತೆ. ಈ ಸೆಟ್ 415 ವೋಲ್ಟ್‌ನಲ್ಲಿ ಪ್ರತಿ ಫೇಸ್‌ಗೆ ಸುಮಾರು 174 ಆಂಪ್ ಕೊಡಬಲ್ಲದು. ಆರ್, ವೈ, ಬಿ ಎಂಬ ಮೂರು ಫೇಸ್‌ಗಳಲ್ಲಿ ಮೀಟರ್ ತೋರಿಸಿದ್ದು ಆರ್ 188, ವೈ 104, ಬಿ 71. ಒಟ್ಟು ಹೊರೆ ಶೇ 70ರಷ್ಟು ಮಾತ್ರ. ಆದರೆ ಆರ್ ಫೇಸ್ ಒಂದೇ ಏದುಸಿರು ಬಿಡುತ್ತಿತ್ತು.

ನಮ್ಮಲ್ಲಿ ಪ್ರತಿ ಮನೆಗೂ ಎಸಿಸಿಎಲ್ ಇದೆ, ಅಂದರೆ ಮನೆಯನ್ನು ತಾನಾಗಿಯೇ ಡಿಜಿಗೆ ಬದಲಾಯಿಸಿ ಲೋಡ್‌ಗೆ ಮಿತಿ ಹಾಕುವ ಡಬ್ಬ. ಡಿಜಿ ಮೇಲೆ 1 ಕಿಲೋವ್ಯಾಟ್ ದಾಟಿದರೆ ಆ ಮನೆಯ ಲೈನ್ ಕಡಿದು, ಸ್ವಲ್ಪ ಹೊತ್ತಿಗೆ ತಾನೇ ಮತ್ತೆ ಕೊಡುತ್ತದೆ. ಹಾಗಿದ್ದ ಮೇಲೆ 188 ಹೇಗೆ? ಒಂದೊಂದೇ ಡಬ್ಬ ಬಿಚ್ಚಿ ನೋಡಿದೆ. ಐದು ಮನೆಗಳಲ್ಲಿ ಎಸಿಸಿಎಲ್ ಬೈಪಾಸ್ ಮಾಡಿ ನೇರವಾಗಿ ವೈರ್ ಎಳೆದಿದ್ದರು. ಐದೂ ಆರ್ ಫೇಸ್‌ನವೇ, ಐದರಲ್ಲೂ 2 ಕಿಲೋವ್ಯಾಟ್ ಗೀಸರ್. ಒಂದು ನನ್ನದೇ ಮನೆ! ಬಾತ್‌ರೂಮ್ ರಿಪೇರಿ ಮಾಡಿಸಿದಾಗ ಎಲೆಕ್ಟ್ರಿಷಿಯನ್ ಸುಮ್ನೆ ಜೋಡಿಸಿ ಹೋಗಿದ್ದ. ಮೀಟಿಂಗ್‌ನಲ್ಲಿ ಮೊದಲು ಅದನ್ನೇ ಹೇಳಿದೆ. ಬೇರೆಯವರು ಜಾಸ್ತಿ ಜಗಳ ಮಾಡಲಿಲ್ಲ.

ಬೈಪಾಸ್ ತೆಗೆಸಿದ ಮೇಲೆ ಆರ್ 145ಕ್ಕೆ ಇಳಿಯಿತು. ಆಮೇಲೆ ಬೇಸ್‌ಮೆಂಟ್ ಲೈಟು ಮತ್ತು ಕೆಲವು ಮನೆಗಳನ್ನು ಬಿ ಫೇಸ್‌ಗೆ ಬದಲಾಯಿಸಿದೆವು. ಈ ಕೆಲಸ ಮಾಡುವಾಗ ಒಂದು ಎಚ್ಚರ ಬೇಕು. ಮೇನ್ ಆಫ್ ಮಾಡಿದರೆ ಆಟೋದಲ್ಲಿರುವ ಡಿಜಿ ತಾನಾಗಿಯೇ ಸ್ಟಾರ್ಟ್ ಆಗುತ್ತದೆ. ಕೈ ಬಸ್‌ಬಾರ್ (ಪ್ಯಾನೆಲ್ ಒಳಗೆ ಕರೆಂಟ್ ಹರಿಯುವ ಲೋಹದ ಪಟ್ಟಿ) ಮೇಲಿದ್ದರೆ ಗತಿ? ಡಿಜಿಯ ಸೆಲೆಕ್ಟರ್ ಸ್ವಿಚ್ ಆಫ್‌ಗೆ ತಿರುಗಿಸಿ, ಬ್ಯಾಟರಿಯ ನೆಗೆಟಿವ್ ಕಳಚಿಟ್ಟೇ ಮುಟ್ಟಿದೆವು. ಮೋಟಾರ್‌ಗಳ ಮೂರು ಫೇಸ್ ವೈರ್‌ಗಳಿಗೆ ಕೈ ಹಾಕಲಿಲ್ಲ, ಅದಲುಬದಲಾದರೆ ಉಲ್ಟಾ ತಿರುಗುತ್ತವೆ.

ಉಳಿದದ್ದು ಸ್ಟಾರ್ಟಿಂಗ್ ಕರೆಂಟ್. 7.5 ಎಚ್‌ಪಿ ಬೋರ್‌ವೆಲ್ ಮೋಟಾರ್ ಓಡುವಾಗ 11 ಆಂಪ್ ಎಳೆದರೂ ಡಿಒಎಲ್ (ಮೋಟಾರ್‌ಗೆ ಒಮ್ಮೆಲೇ ಪೂರ್ತಿ ವೋಲ್ಟೇಜ್ ಕೊಡುವ) ಸ್ಟಾರ್ಟರ್‌ನಲ್ಲಿ ಎದ್ದೇಳುವಾಗ ಅದರ ಆರು ಪಟ್ಟು ಕೇಳುತ್ತದೆ. ಡಿಜಿ ಬಂದ ಕೂಡಲೇ ಲಿಫ್ಟ್, ಎಸ್‌ಟಿಪಿ (ಕೊಳಚೆ ನೀರು ಶುದ್ಧಿ ಮಾಡುವ ಘಟಕ) ಬ್ಲೋವರ್, ಬೋರ್‌ವೆಲ್ ಎಲ್ಲವೂ ಒಟ್ಟಿಗೆ ಏಳುತ್ತಿದ್ದವು, ಲೈಟು ಮಂಕಾಗುತ್ತಿತ್ತು. ಈಗ ಟೈಮರ್ ಹಾಕಿದ್ದೇವೆ. ಲಿಫ್ಟ್ ತಕ್ಷಣ, ಬ್ಲೋವರ್ ಮೂರು ನಿಮಿಷಕ್ಕೆ, ಬೋರ್‌ವೆಲ್ ಐದಕ್ಕೆ.

ಈಗ ಭಾನುವಾರ ಬೆಳಿಗ್ಗೆಯ ರೀಡಿಂಗ್ 118, 106, 96. ಟ್ರಿಪ್ ಇಲ್ಲ. ಹೊಸ ತಲೆನೋವು ರಾತ್ರಿಯದು. ಎಲ್ಲರೂ ಮಲಗಿದಾಗ ಲೋಡ್ ಶೇ 15 ಕೂಡ ಇರಲ್ಲ, ಸೈಲೆನ್ಸರ್‌ನಲ್ಲಿ ಕಪ್ಪು ಎಣ್ಣೆ ಜಿನುಗುತ್ತಿದೆ. ಶೇ 30ಕ್ಕಿಂತ ಕಡಿಮೆ ಲೋಡ್‌ನಲ್ಲಿ ತುಂಬಾ ಹೊತ್ತು ಓಡಿದರೆ ಡೀಸೆಲ್ ಪೂರ್ತಿ ಉರಿಯಲ್ಲ, ಅದಕ್ಕೆ. ಸದ್ಯಕ್ಕೆ ಸಂಪ್‌ನಿಂದ ಟ್ಯಾಂಕ್ ತುಂಬಿಸುವ ಕೆಲಸವನ್ನು ಆ ಹೊತ್ತಿಗೇ ಇಟ್ಟಿದ್ದೇನೆ. ಪಂಪ್ ಸದ್ದಿಗೆ ನಿದ್ದೆ ಕೆಡುತ್ತದೆ ಅಂತ ಗ್ರೌಂಡ್ ಫ್ಲೋರ್‌ನವರು ಆಗಲೇ ಶುರು ಮಾಡಿದ್ದಾರೆ.