ಹೊರದೇಶಕ್ಕೆ ಸೇವೆಗೆ ಹೊರಟಿದ್ದೀರಾ? ಮೊದಲ ಮೂರು ತಿಂಗಳು ಸುಮ್ನೆ ಕೂರಲು ಕಲಿಯಿರಿ

ನಮ್ಮ ಸಭೆಯ ಇಬ್ಬರು ಹುಡುಗಿಯರು ಮಿಷನ್ ಸೇವೆಗೆ ಕೀನ್ಯಾಕ್ಕೆ ಹೊರಟಿದ್ದಾರೆ. ಪ್ರತಿ ಭಾನುವಾರ ಆರಾಧನೆ ಮುಗಿದ ಕೂಡಲೇ ನನ್ನನ್ನು ಹಿಡಿದು ನಿಲ್ಲಿಸುತ್ತಾರೆ. "ಅಕ್ಕ, ಬ್ಯಾಗಿಗೆ ಏನೇನು ಹಾಕಬೇಕು? ಮೊದಲ ವಾರ ಅಲ್ಲಿ ಯಾವುದರ ಬಗ್ಗೆ ಮಾತಾಡಬೇಕು?" ಬ್ಯಾಗಿನದು ಸುಲಭ. ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಕೇಳಿ ಇಬ್ಬರ ಮುಖವೂ ಬಾಡಿತು. ಮೊದಲ ಮೂರು ತಿಂಗಳು ಯಾರಿಗೂ ಏನೂ ಬೋಧಿಸಲು ಹೋಗಬೇಡಿ ಎಂದೆ. ಭಾಷೆ ಕಲಿಯಿರಿ, ಮನೆಮನೆಗೆ ಹೋಗಿ ಕುಳಿತುಕೊಳ್ಳಿ.

ನಾನು ಉಡುಪಿಯವಳು. ಕೀನ್ಯಾದ ಕರಾವಳಿಯಲ್ಲಿ, ಕಿಲಿಫಿ ಕಡೆಯ ಒಂದು ಹಳ್ಳಿಯಲ್ಲಿ ಎರಡು ವರ್ಷ ಇದ್ದು ಬಂದೆ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವುದು, ಸಂಡೇ ಸ್ಕೂಲ್, ಯುವಜನರ ಕೂಟ, ಕಾಯಿಲೆಯವರ ಮನೆಗೆ ಹೋಗುವುದು, ಇಷ್ಟು ನನ್ನ ಕೆಲಸ. ಹೊರಡುವ ಮೊದಲು ಇದನ್ನೆಲ್ಲ ಯಾರಾದರೂ ನನಗೆ ಹೇಳಿದ್ದರೆ ಎಷ್ಟೋ ತಪ್ಪು ತಪ್ಪುತ್ತಿತ್ತು.

ಕಾಗದಪತ್ರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪ್ರವಾಸಿ ಎಂದು ಬರೆದುಕೊಟ್ಟು ಒಳಗೆ ಹೋಗಿ ಸೇವೆ ಮಾಡಬೇಡಿ, ಅದು ಸುಳ್ಳು. ಧರ್ಮದ ಕೆಲಸಕ್ಕೆ, ಸೇವೆಗೆ ಬರುವವರಿಗೆಂದೇ ಕೀನ್ಯಾದಲ್ಲಿ ಕ್ಲಾಸ್ ಐ ಎನ್ನುವ ಪರ್ಮಿಟ್ ಇದೆ. ನಿಮ್ಮನ್ನು ಕರೆಸಿಕೊಳ್ಳುವ ಸಭೆಯವರು ಅದಕ್ಕೆ ಅರ್ಜಿ ಹಾಕಿದ್ದಾರಾ ಎಂದು ಕೇಳಿ ತಿಳಿದುಕೊಳ್ಳಿ. 90 ದಿನಕ್ಕಿಂತ ಜಾಸ್ತಿ ಇರುವವರು ಅಲ್ಲಿ ಹೋದ ಮೇಲೆ ವಿದೇಶಿಯರ ನೋಂದಣಿಯನ್ನೂ ಮಾಡಿಸಬೇಕು. ಹಳದಿ ಜ್ವರದ ಚುಚ್ಚುಮದ್ದು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಆಗಿರಬೇಕು. ಇದು ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಬೇಕು. ಅಲ್ಲಿ ಕೊಡುವ ಹಳದಿ ಪುಸ್ತಕವನ್ನು ಪಾಸ್‌ಪೋರ್ಟಿನ ಜೊತೆಗೇ ಇಡಿ. ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲೂ ಅದನ್ನು ಕೇಳುತ್ತಾರೆ.

ಇನ್ನು ಬ್ಯಾಗು. ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ, ಕಾನೂನು ತುಂಬ ಬಿಗಿ. ನಮ್ಮಲ್ಲಿ ಎಲ್ಲವನ್ನೂ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಡುವ ಅಭ್ಯಾಸ ಅಲ್ವಾ, ಅದನ್ನು ಮನೆಯಲ್ಲೇ ಬಿಟ್ಟು ಬಟ್ಟೆ ಚೀಲ ತೆಗೆದುಕೊಳ್ಳಿ. ಮಸಾಲೆ, ಬೇಳೆ ಹೊತ್ತುಕೊಂಡು ಹೋಗಬೇಡಿ. ನೂರು ವರ್ಷಕ್ಕೂ ಹಿಂದಿನಿಂದ ಗುಜರಾತಿಗಳು ಮೊಂಬಾಸಾದಲ್ಲಿ ಅಂಗಡಿ ಇಟ್ಟಿದ್ದಾರೆ, ಜೀರಿಗೆ, ಮೆಂತ್ಯ ಎಲ್ಲ ಸಿಗುತ್ತದೆ. ಕುಚ್ಚಲಕ್ಕಿ ಗಂಜಿಯ ಆಸೆ ಮಾತ್ರ ಬಿಡಬೇಕು. ಒಳ್ಳೆಯ ಟಾರ್ಚ್, ಎರಡು ಜೊತೆ ಗಟ್ಟಿ ಚಪ್ಪಲಿ, ದಪ್ಪ ನೋಟ್‌ಬುಕ್, ಕನ್ನಡ ಬೈಬಲ್ ಇರಲಿ. ದಿನವಿಡೀ ಪರಭಾಷೆಯಲ್ಲಿ ತಡವರಿಸಿ ರಾತ್ರಿ ಮನೆಗೆ ಬಂದಾಗ, ನಮ್ಮ ಭಾಷೆಯಲ್ಲಿ ಒಂದು ಕೀರ್ತನೆ ಓದಿದರೆ ಆಗುವ ಸಮಾಧಾನವನ್ನು ಹೇಳಿ ತಿಳಿಸಲು ಆಗುವುದಿಲ್ಲ.

ಈಗ ಭಾಷೆ. ನಮಗೆ ಇದರಲ್ಲಿ ಮೇಲ್ಪಂಕ್ತಿ ದೂರದಲ್ಲಿಲ್ಲ. ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಅವರಲ್ಲೊಬ್ಬರಾದ ಕಿಟೆಲ್ ಇಂಡಿಯಾಕ್ಕೆ ಬಂದದ್ದು 1853ರಲ್ಲಿ, ಅವರ ಕನ್ನಡ ನಿಘಂಟು ಮಂಗಳೂರಿನ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ ಎಷ್ಟು ವರ್ಷ ಎಂದು ಲೆಕ್ಕ ಹಾಕಿ. ಕೀನ್ಯಾಕ್ಕೆ ಹೋದ ಮೇಲೆ ನನಗೆ ಗೊತ್ತಾದ ಇನ್ನೊಂದು ಸಂಗತಿ ಇದೆ. 1844ರಲ್ಲಿ ಮೊಂಬಾಸಾಕ್ಕೆ ಬಂದ ಮಿಷನರಿ ಕ್ರಾಫ್ ಕೂಡ ಓದಿದ್ದು ಅದೇ ಬಾಸೆಲ್‌ನಲ್ಲಿ. ಬಂದ ಕೆಲವೇ ತಿಂಗಳಲ್ಲಿ ಹೆಂಡತಿಯನ್ನೂ ಹಸುಗೂಸನ್ನೂ ಕಳೆದುಕೊಂಡರು. ಆದರೂ ಅಲ್ಲೇ ನಿಂತು ಅಲ್ಲಿಯ ಭಾಷೆ ಸ್ವಾಹಿಲಿ ಕಲಿತರು. ಅವರ ಸ್ವಾಹಿಲಿ ನಿಘಂಟು ಹೊರಬಂದದ್ದು 1882ರಲ್ಲಿ. ಮೊಂಬಾಸಾ ಹತ್ತಿರದ ರಬಾಯಿಯಲ್ಲಿ ಅವರ ನೆನಪಿನ ಮ್ಯೂಸಿಯಂ ಇದೆ, ರಜೆ ಸಿಕ್ಕಾಗ ಹೋಗಿ ಬನ್ನಿ. ಅಲ್ಲಿ ನಿಂತಾಗ ನನಗೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು ನೆಲೆಸಿದ್ದ ಬಲ್ಮಠದ ಗುಡ್ಡವೇ ಕಣ್ಣ ಮುಂದೆ ಬಂತು.

ಸ್ವಾಹಿಲಿ ನಮಗೆ ಅಷ್ಟು ಕಷ್ಟವಿಲ್ಲ. ಸಾಬೂನಿಗೆ ಸಬುನಿ, ವಕೀಲರಿಗೆ ವಕೀಲಿ, ಲೆಕ್ಕಕ್ಕೆ ಹೆಸಾಬು, ತಾರೀಖಿಗೆ ತಾರೆಹೆ, ದುಡ್ಡಿಗೆ ಪೆಸ. ಅರಬ್ಬರ ಹಡಗು ಎರಡು ದಡಕ್ಕೂ ಹೋಗಿ ಬರುತ್ತಿತ್ತಲ್ಲ. ಕಷ್ಟ ಇರುವುದು ಒಂದು ಕಡೆ. ನಾವು ಮಗು, ಮಕ್ಕಳು ಎಂದು ಪದದ ಬಾಲ ಬದಲಿಸುತ್ತೇವೆ, ಅವರು ತಲೆ ಬದಲಿಸುತ್ತಾರೆ. ಒಂದು ಮಗು ಮ್ತೋತೊ, ಮಕ್ಕಳು ವತೋತೊ. ದಿನಕ್ಕೆ ಹತ್ತೇ ಪದ ಬರೆದುಕೊಳ್ಳಿ, ಸಂಜೆಯೊಳಗೆ ಹತ್ತನ್ನೂ ಯಾರ ಜೊತೆಗಾದರೂ ಬಳಸಿ. ತಪ್ಪಾದರೆ ಮಕ್ಕಳೇ ತಿದ್ದುತ್ತಾರೆ. ಅವರಷ್ಟು ತಾಳ್ಮೆಯ ಮೇಷ್ಟ್ರು ನಿಮಗೆ ಎಲ್ಲೂ ಸಿಗುವುದಿಲ್ಲ.

ಗಡಿಯಾರ ಓದುವುದನ್ನು ಮೊದಲ ದಿನವೇ ಕಲಿಯಿರಿ. ಅಲ್ಲಿ ಸಮಭಾಜಕ ವೃತ್ತ ಹತ್ತಿರ, ಹಾಗಾಗಿ ವರ್ಷವಿಡೀ ಬೆಳಗಾಗುವುದು ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಬೆಳಗಿನಿಂದ. ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ, ನಮ್ಮ ಒಂಬತ್ತು ಅವರಿಗೆ ಮೂರು. ಒಬ್ಬ ಅಜ್ಜಿ ತನ್ನ ಮನೆಗೆ ಪ್ರಾರ್ಥನೆಗೆ ಬಾ ಎಂದು "ಮೂರು ಗಂಟೆ" ಹೇಳಿದ್ದರು. ನಾನು ಮಧ್ಯಾಹ್ನ ಮೂರಕ್ಕೆ ಹೋದೆ. ಅವರು ಬೆಳಿಗ್ಗೆ ಒಂಬತ್ತರಿಂದ ಚಾಪೆ ಹಾಸಿ, ಅಕ್ಕಪಕ್ಕದವರನ್ನು ಸೇರಿಸಿ ಕಾದಿದ್ದರು. ಬೈಯಲಿಲ್ಲ, ಆರಿದ ಚಹಾ ಮತ್ತೆ ಬಿಸಿ ಮಾಡಿ ಕೊಟ್ಟರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ ನನಗೆ.

ಮನೆಗೆ ಹೋಗುವುದೇ ನಿಮ್ಮ ದೊಡ್ಡ ಕೆಲಸ, ಆದ್ದರಿಂದ ಹೇಗೆ ಹೋಗಬೇಕು ಎಂದು ಬಿಡಿಸಿ ಹೇಳುತ್ತೇನೆ. ಅಂಗಳದ ಹೊರಗೇ ನಿಂತು "ಹೋದಿ" ಎಂದು ಕೂಗಬೇಕು. ಒಳಗಿನಿಂದ "ಕರೀಬು" ಎಂದರೆ ಬನ್ನಿ ಎಂದು ಅರ್ಥ. ಆ ಮಾತು ಬರುವವರೆಗೆ ಒಂದು ಹೆಜ್ಜೆಯೂ ಮುಂದಿಡಬೇಡಿ. ಮೂರು ಸಲ ಕರೆದರೂ ಉತ್ತರ ಬರದಿದ್ದರೆ ಹಿಂದಿರುಗಿ. ದೊಡ್ಡವರಿಗೆ "ಶಿಕಮೋ" ಎನ್ನಿ, ಅವರು "ಮರಹಬಾ" ಎನ್ನುತ್ತಾರೆ. ನಾವು ಕಾಲಿಗೆ ನಮಸ್ಕಾರ ಮಾಡಿದ ಹಾಗೆ ಅದು. ಆಮೇಲೆ ಮನೆಯವರು ಹೇಗಿದ್ದಾರೆ, ಮಕ್ಕಳು ಹೇಗಿದ್ದಾರೆ, ಹೊಲ ಹೇಗಿದೆ ಎಂದು ಒಂದೊಂದಾಗಿ ಕೇಳಬೇಕು. ಅವಸರ ಮಾಡಿದರೆ ನಿಮಗೆ ಅವರ ಮೇಲೆ ಪ್ರೀತಿ ಇಲ್ಲ ಎಂದೇ ಲೆಕ್ಕ. ಯಾರಾದರೂ ಕಷ್ಟ ಹೇಳಿಕೊಂಡರೆ "ಪೋಲೆ" ಎನ್ನಿ. ನಿಮ್ಮ ನೋವು ನನಗೂ ತಟ್ಟಿತು ಎನ್ನುವ ಮಾತು ಅದು. ಬಾವಿಯಿಂದ ಭಾರ ಹೊತ್ತು ಬರುವವರಿಗೂ, ಮಗನನ್ನು ಕಳೆದುಕೊಂಡವರಿಗೂ ಹೇಳುವುದು ಅದನ್ನೇ. ಆರನೇ ತಿಂಗಳಲ್ಲಿ ಒಂದು ಸಾವಿನ ಮನೆಯಲ್ಲಿ ಮೂರು ಗಂಟೆ ಕುಳಿತು ನಾನು ಆಡಿದ್ದು ಆ ಒಂದೇ ಪದ. ಮರುದಿನ ಆ ತಾಯಿ ತಾನಾಗಿ ಬಂದು, ನಿನ್ನ ಬೈಬಲ್‌ನಿಂದ ಏನಾದರೂ ಓದಿ ಹೇಳು ಎಂದರು.

ಕೊಟ್ಟದ್ದನ್ನು ತಿನ್ನಿ. ಲೂಕನ ಸುವಾರ್ತೆ 10ನೇ ಅಧ್ಯಾಯದಲ್ಲಿ ಕರ್ತನು ಇಬ್ಬಿಬ್ಬರನ್ನು ಕಳಿಸುವಾಗ ಹೇಳಿದ್ದೂ ಅದನ್ನೇ ಅಲ್ವಾ. ಬೆಳಗಿನ ತಿಂಡಿಗೆ ಮಹಮ್ರಿ, ತೆಂಗಿನಹಾಲಿನಲ್ಲಿ ಬೇಯಿಸಿದ ತೊಗರಿಕಾಳು. ಮಹಮ್ರಿ ಎಂದರೆ ಏಲಕ್ಕಿ ಹಾಕಿ ಕರಿದ ಉಬ್ಬಿದ ಸಿಹಿ ರೊಟ್ಟಿ, ತಿಂದರೆ ನಮ್ಮ ಬನ್ಸ್ ನೆನಪಾಗುತ್ತದೆ. ಮಧ್ಯಾಹ್ನ ಸೀಮ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಕರಾವಳಿಯ ನಮಗೆ ಮುದ್ದೆ ರೂಢಿಯಿಲ್ಲ, ಒಂದು ವಾರ ಬೇಕು. ಬಲಗೈಯಲ್ಲೇ ತಿನ್ನುತ್ತಾರೆ, ಊಟಕ್ಕೆ ಮೊದಲು ಕೈಗೆ ನೀರು ಹಾಕುತ್ತಾರೆ. ಮೀನು ಬೇಕಾದಷ್ಟಿದೆ, ನಮ್ಮ ಅಂಜಲಿಗೆ ಅಲ್ಲಿ ಎನ್‌ಗೂರು ಎನ್ನುತ್ತಾರೆ. ಕಾಯಿ ತುರಿಯುವುದು ನಮ್ಮ ತುರಿಮಣೆಯಂಥದ್ದೇ ಮಣೆಯ ಮೇಲೆ ಕುಳಿತು. ಅದರ ಹೆಸರು ಎಂಬೂಝಿ, ಅಂದರೆ ಆಡು. ನಾನು ಒಂದು ಮನೆಯ ಅಡುಗೆಕೋಣೆಯಲ್ಲಿ ಕೇಳದೆಯೇ ಅದರ ಮೇಲೆ ಕುಳಿತು ಎರಡು ಕಾಯಿ ತುರಿದು ಕೊಟ್ಟ ದಿನ, ಈ ಹುಡುಗಿಗೆ ಮನೆಕೆಲಸ ಬರುತ್ತದೆ ಎಂಬ ಸುದ್ದಿ ಊರೆಲ್ಲ ಹೋಯಿತು. ಆಮೇಲೆ ಹೆಂಗಸರು ನನ್ನ ಹತ್ತಿರ ಮಾತಾಡಲು ಹಿಂಜರಿಯಲಿಲ್ಲ.

ಆ ಕರಾವಳಿಯಲ್ಲಿ ಮುಸ್ಲಿಮರೂ ತುಂಬ ಇದ್ದಾರೆ. ರಂಜಾನ್ ತಿಂಗಳಲ್ಲಿ ಬೀದಿಯಲ್ಲಿ ತಿನ್ನುತ್ತಾ ಹೋಗಬೇಡಿ. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ, ಮೇಲೊಂದು ಲೇಸೊ ಸುತ್ತಿಕೊಳ್ಳಿ. ಅದು ಅಲ್ಲಿಯ ಹೆಂಗಸರ ಬಣ್ಣದ ಬಟ್ಟೆ, ಅಂಚಿನಲ್ಲಿ ಗಾದೆ ಅಚ್ಚು ಹಾಕಿರುತ್ತಾರೆ. ಕೊಳ್ಳುವ ಮೊದಲು ಗಾದೆಯ ಅರ್ಥ ಕೇಳಿಕೊಳ್ಳಿ, ಕೆಲವು ಜಗಳದ ಮಾತುಗಳೂ ಇರುತ್ತವೆ. ಮಕ್ಕಳ ಫೋಟೋ ತೆಗೆಯಬೇಡಿ. ನಮ್ಮ ಅಂಗಳದ ಮಕ್ಕಳ ಫೋಟೋ ತೆಗೆದು ಯಾರೋ ಪರದೇಶದಲ್ಲಿ ಬಡತನದ ಕತೆ ಹೇಳಿದರೆ ನಮಗೆ ಹೇಗೆ ಅನಿಸೀತು?

ದುಡ್ಡಿನ ವಿಷಯದಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಒಬ್ಬ ಹುಡುಗನ ಶಾಲೆ ಫೀಸು ಕಟ್ಟುತ್ತೇನೆ ಎಂದು ಅವನ ತಾಯಿಗೆ ಮಾತು ಕೊಟ್ಟೆ. ಮರುವಾರ ನಾಲ್ಕು ತಾಯಂದಿರು ಬಾಗಿಲಲ್ಲಿ ನಿಂತಿದ್ದರು. ನನಗೆ ತಿಂಗಳಿಗೆ ಸಿಗುತ್ತಿದ್ದುದು ಊಟಕ್ಕೆ, ಓಡಾಟಕ್ಕೆ ಸಾಕಾಗುವಷ್ಟು ಮಾತ್ರ. ಇಲ್ಲ ಎಂದಾಗ ಒಬ್ಬಾಕೆ ಅತ್ತರು, ಇನ್ನೊಬ್ಬರು ತಿಂಗಳುಗಟ್ಟಲೆ ಮಾತು ಬಿಟ್ಟರು. ಕೊನೆಗೆ ಅಲ್ಲಿಯ ಸಭಾಪಾಲಕರೇ ಎಲ್ಲರನ್ನೂ ಕೂರಿಸಿ ಸರಿಮಾಡಿದರು. ಕೊಡಬೇಕು ಅನಿಸಿದರೆ ಸಭೆಯ ಮೂಲಕ ಕೊಡಿ, ಯಾರಿಗೆ ಎಷ್ಟು ಎನ್ನುವುದನ್ನು ಊರಿನವರು ತೀರ್ಮಾನಿಸಲಿ. ಭಾನುವಾರ ಆರಾಧನೆ ಆದ ಮೇಲೆ ಅಲ್ಲಿ ಕೋಳಿ, ಮೊಟ್ಟೆ, ಬಾಳೆಗೊನೆ ಏಲಂ ಆಗುತ್ತದೆ, ನಮ್ಮ ಸುಗ್ಗಿ ಹಬ್ಬದ ಏಲಂ ಹಾಗೆಯೇ. ಅಲ್ಲಿ ನಿಂತು ಎರಡು ಮೊಟ್ಟೆಗೆ ಕೂಗಿ. ಖುಷಿಯಾಗುತ್ತಾರೆ.

ಒಬ್ಬರೇ ತಿರುಗಬೇಡಿ. ನನ್ನ ಜೊತೆಗಿದ್ದವಳು ಅದೇ ಊರಿನ ಕಡೆಯ ಹುಡುಗಿ, ನಾವಿಬ್ಬರೂ ಒಂದೇ ಕೋಣೆಯಲ್ಲಿ ಇದ್ದೆವು. ಮೊದಲ ಎರಡು ತಿಂಗಳು ನೀರು ತುಂಬಿಸುವವರು ಯಾರು, ಪಾತ್ರೆ ತೊಳೆಯುವವರು ಯಾರು ಎಂದು ದಿನಾ ಕಿರಿಕಿರಿ. ನಾನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಮುಖ ಊದಿಸಿಕೊಂಡು ಕೂರುತ್ತಿದ್ದೆ. ಒಂದು ರಾತ್ರಿ ಅವಳೇ, "ಬೆಳಿಗ್ಗೆ ಪ್ರಾರ್ಥನೆಯಲ್ಲಿ ನನ್ನ ಹೆಸರು ಹೇಳುತ್ತೀಯಲ್ಲ, ನನಗೇ ಯಾಕೆ ಹೇಳುವುದಿಲ್ಲ?" ಎಂದು ಕೇಳಿದಳು. ಅಂದಿನಿಂದ ಶನಿವಾರ ಬಟ್ಟೆ ಒಗೆದ ಮೇಲೆ ಅರ್ಧ ಗಂಟೆ ಎದುರೆದುರು ಕುಳಿತು ಆ ವಾರದ ಬೇಸರವನ್ನೆಲ್ಲ ಹೇಳಿಕೊಳ್ಳುತ್ತಿದ್ದೆವು. ನೀವು ಇದನ್ನು ಮೊದಲ ವಾರದಿಂದಲೇ ಶುರು ಮಾಡಿ.

ಮನೆಯ ನೆನಪು ಜೋರಾಗಿ ಬರುತ್ತದೆ. ನನಗೆ ಅದು ಕ್ರಿಸ್ಮಸ್ ವಾರ, ಅಮ್ಮ ಹಬ್ಬದ ತಿಂಡಿ ಕುಸ್ವಾರ್ ಮಾಡುವ ಹೊತ್ತು. ಅವರ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ ಎಂಟಕ್ಕೆ ಫೋನ್ ಮಾಡಿದರೆ ಇಲ್ಲಿ ಹತ್ತೂವರೆ, ಅಮ್ಮ ಗಾಬರಿಯಾಗಿ ಏಳುತ್ತಾರೆ. ವಾರಕ್ಕೊಮ್ಮೆ, ಗೊತ್ತಾದ ಹೊತ್ತಿಗೆ ಮಾಡಿ. ದಿನಾ ಮಾಡಿದರೆ ಮನಸ್ಸು ಅರ್ಧ ಉಡುಪಿಯಲ್ಲೇ ಉಳಿಯುತ್ತದೆ. ನಾನು ಹುಟ್ಟಿದ್ದು ಉಡುಪಿಯ ಮಿಷನ್ ಆಸ್ಪತ್ರೆಯಲ್ಲಿ. 1923ರಲ್ಲಿ ಅದನ್ನು ಶುರು ಮಾಡಿದ ಡಾಕ್ಟರ್ ಈವಾ ಲೊಂಬಾರ್ಡ್ ಸ್ವಿಟ್ಜರ್‌ಲೆಂಡಿನವರು. ಫೋನೇ ಇಲ್ಲದ ಕಾಲದಲ್ಲಿ ಅವರಿಗೂ ನಮ್ಮ ಊರು ಪರದೇಶವಾಗಿತ್ತು. ತುಂಬ ಅಳು ಬಂದ ದಿನಗಳಲ್ಲಿ ನಾನು ಅವರನ್ನು ನೆನೆಯುತ್ತಿದ್ದೆ.

ಇನ್ನು ಮಲೇರಿಯಾ. ನಾವು ಕಂಡದ್ದೇ ಎಂದು ಉದಾಸೀನ ಬೇಡ. ಅಲ್ಲಿ ಜಾಸ್ತಿ ಇರುವುದು ತಲೆಗೇರುವ ಅಪಾಯದ ಜಾತಿ. ಹೊರಡುವ ಮೊದಲೇ ಡಾಕ್ಟರ ಹತ್ತಿರ ಮಾತಾಡಿ, ಎಷ್ಟು ಸೆಕೆಯಾದರೂ ಸೊಳ್ಳೆಪರದೆಯೊಳಗೇ ಮಲಗಿ, ಜ್ವರ ಬಂದ ದಿನವೇ ರಕ್ತಪರೀಕ್ಷೆ ಮಾಡಿಸಿ. ಊರಿಗೆ ಬಂದು ತಿಂಗಳುಗಳಾದ ಮೇಲೆ ಜ್ವರ ಬಂದರೂ ಡಾಕ್ಟರಿಗೆ ಮೊದಲು ಹೇಳಬೇಕಾದ್ದು, "ನಾನು ಕೀನ್ಯಾದಲ್ಲಿದ್ದು ಬಂದವಳು" ಎನ್ನುವ ಮಾತು.