ಫೈನಲ್ ಇಯರ್ ಪ್ರಾಜೆಕ್ಟ್ ಊರಿಗೆ ಉಪಯೋಗ ಆಗ್ಬೇಕಾ? ಹಿಂಗೆ ಮಾಡಿ

ಇಂಜಿನಿಯರಿಂಗ್ ಏಳನೇ ಸೆಮ್ ಶುರುವಾದ ತಕ್ಷಣ ಎಲ್ಲ್ರೂ ಟೈಟಲ್ ಹುಡ್ಕೋಕೆ ನಿಂತ್ಕೋತಾರೆ, ಅಂಗಡೀಲಿ ರೆಡಿಮೇಡ್ ಕಿಟ್ ಸಿಗುತ್ತೆ, ರಿಪೋರ್ಟೂ ಸಿಗುತ್ತೆ, ವೈವಾ ಮುಗಿದ್ಮೇಲೆ ಅದು ಲ್ಯಾಬ್ ಬೀರು ಸೇರುತ್ತೆ. ದಯವಿಟ್ಟು ಬೇಡ. ಮೊದ್ಲು ಒಂದು ಊರು ಹಿಡೀರಿ, ಟೈಟಲ್ ಆಮೇಲೆ.

ಯಾಕೆ ಅಂದ್ರೆ, 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೇಲಿ ಎ.ಕೆ.ಎನ್. ರೆಡ್ಡಿ ಅವ್ರು ಹಳ್ಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ್ಲೇ 'ಅಸ್ತ್ರ' ಅನ್ನೋ ಕೇಂದ್ರ ಶುರು ಮಾಡಿದ್ರು, ಕಡಿಮೆ ಸೌದೇಲಿ ಉರಿಯೋ ಅಸ್ತ್ರ ಒಲೆ ಬಂದಿದ್ದೂ ಅಲ್ಲಿಂದ್ಲೇ. ಅವ್ರು ಕುಣಿಗಲ್ ತಾಲ್ಲೂಕಿನ ಪುರ ಅನ್ನೋ ಊರಲ್ಲಿ ಗೋಬರ್ ಗ್ಯಾಸ್ ಪ್ಲಾಂಟ್ ಹಾಕಿದಾಗ ಅಡುಗೆಗೆ ಕೊಡೋಣ ಅಂತಿದ್ರು, ಆದ್ರೆ ಊರಿನ ಸಗಣಿಯಿಂದ ಎಲ್ಲ್ರ ಅಡುಗೆಗೆ ಸಾಲೋಷ್ಟು ಗ್ಯಾಸ್ ಬರ್ಲಿಲ್ಲ, ಆಮೇಲೆ ಅದೇ ಗ್ಯಾಸ್ ಜೊತೆ ಸ್ವಲ್ಪ ಡೀಸೆಲ್ ಸೇರ್ಸಿ ಎಂಜಿನ್ ಓಡ್ಸಿ ಕುಡಿಯೋ ನೀರು ಎತ್ತಿ, ಮನೆಗಳಿಗೆ ಲೈಟ್ ಕೊಟ್ರು, ಅದು ನಡೀತು. ಅಷ್ಟು ದೊಡ್ಡ ವಿಜ್ಞಾನಿಗಳಿಗೇ ಊರು ಹೇಳ್ಕೊಡ್ತು, ನಮ್ಗೆ ಹೇಳ್ಕೊಡಲ್ವಾ?

ಊರಿಗೆ ಹೋದ್ರೆ ಮೊದ್ಲು ನೀರುಗಂಟಿನ, ಅಂದ್ರೆ ಊರಿಗೆ ನೀರು ಬಿಡೋರನ್ನ, ಮಾತಾಡ್ಸಿ. ಪಂಪ್ ಓಡ್ಸೋಕೆ ಬೇಕಾದ ತ್ರೀ ಫೇಸ್ ಕರೆಂಟ್ ಬರೋ ಹೊತ್ತಿಗೆ ಪಂಪ್‌ಹೌಸಲ್ಲಿ ಅವ್ರ ಜೊತೆ ಕೂತ್ಕೊಳ್ಳಿ, ರಾತ್ರಿ ಆದ್ರೂ ಸರಿ. ಸ್ಟಾರ್ಟರ್ ಒತ್ತೋದು, ವಾಲ್ವ್ ತಿರ್ಗ್ಸೋದು, ಟ್ಯಾಂಕ್ ತುಂಬ್ತಾ ಅಂತ ನೋಡೋಕೆ ಓಡೋದು, ಬೋರಲ್ಲಿ ನೀರು ನಿಂತೋದ್ರೂ ಮೋಟ್ರು ಓಡ್ತಾನೇ ಇದ್ದು ಸುಟ್ಟೋಗೋದು, ಇಷ್ಟ್ರಲ್ಲೇ ನಾಲ್ಕು ಪ್ರಾಜೆಕ್ಟ್ ಇದೆ. ಏನು ಸೆನ್ಸರ್ ಅಂತ ಆಗ್ಲೇ ಡಿಸೈಡ್ ಮಾಡ್ಬೇಡಿ. ನಮ್ಮ ಬೋರ್ ನೀರು ಗಡಸು, ನೀರಲ್ಲಿ ಮುಳುಗಿರೋ ಪ್ರೋಬ್, ಅಂದ್ರೆ ಸೆನ್ಸರ್ ತುದಿ, ಮೇಲೆ ಬಿಳಿ ಉಪ್ಪು ಕಟ್ಟುತ್ತೆ, ಲ್ಯಾಬಿನ ಬಕೆಟಲ್ಲಿ ಚೆನ್ನಾಗಿ ಓಡಿದ್ದು ಅಲ್ಲಿ ಸುಳ್ಳು ರೀಡಿಂಗ್ ಕೊಡುತ್ತೆ, ಅದಕ್ಕೆ ಅದೇ ಟ್ಯಾಂಕಲ್ಲಿ ವಾರಗಟ್ಲೆ ಬಿಟ್ಟು ನೋಡಿ. ಮೊಬೈಲ್ ಆಪ್ ಮಾಡೋಕೂ ಮುಂಚೆ ಅವ್ರನ್ನ ಕೇಳಿ, ಎಷ್ಟೋ ಸಲ ಒಂದು ಸೈರನ್ನು, ಒಂದು ಕೆಂಪು ಲೈಟು ಸಾಕು. ಮೋಟ್ರು ಸ್ವಿಚ್ ಇರೋ ಪ್ಯಾನಲ್‌ಗೆ ನೀವೇ ಕೈ ಹಾಕ್ಬೇಡಿ, ಪಂಚಾಯ್ತಿ ಪರ್ಮಿಷನ್ ತಗೊಂಡು ವೈರ್‌ಮನ್ ಕೈಲೇ ಕನೆಕ್ಷನ್ ಕೊಡ್ಸಿ.

ದುಡ್ಡಿನ ವಿಷ್ಯ: ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಅದೇ ಕೆಎಸ್‌ಸಿಎಸ್‌ಟಿ, ಸ್ಟೂಡೆಂಟ್ ಪ್ರಾಜೆಕ್ಟ್‌ಗಳಿಗೆ ಸಹಾಯಧನ ಕೊಡುತ್ತೆ. ಗೈಡ್ ಹತ್ರ ಬೇಗ ಮಾತಾಡಿ ಪ್ರಪೋಸಲ್ ಕಳ್ಸಿ, ನೀರುಗಂಟಿ ಹೇಳಿದ ಸಮಸ್ಯೆನ ಅವ್ರ ಮಾತಲ್ಲೇ ಅದ್ರಲ್ಲಿ ಬರೀರಿ.

ಕೊನೇಗೆ, ನೀವು ಕಾಲೇಜ್ ಬಿಟ್ಟೋದ್ಮೇಲೆ ರಿಪೇರಿ ಯಾರು ಮಾಡ್ತಾರೆ? ಇದನ್ನ ಡಿಸೈನ್ ಮಾಡೋವಾಗ್ಲೇ ಯೋಚ್ನೆ ಮಾಡಿ. ಹತ್ತಿರದ ಪೇಟೇಲಿ ಸಿಗೋ ಪಾರ್ಟ್ಸ್ ಮಾತ್ರ ಹಾಕಿ, ಸರ್ಕ್ಯೂಟ್ ಚಿತ್ರ ಕನ್ನಡದಲ್ಲಿ ಬರ್ದು ಡಬ್ಬಿ ಒಳಗೆ ಅಂಟ್ಸಿ, ಅಲ್ಲೇ ಮೋಟ್ರು ವೈಂಡಿಂಗ್ ಮಾಡೋರನ್ನ ಕರ್ದು ಒಂದ್ಸಲ ಬಿಚ್ಚಿ ಜೋಡ್ಸೋಕೆ ಹೇಳಿ, ಅವ್ರಿಗೆ ಎಲ್ಲಿ ತಡೀತೋ ಆ ಭಾಗನ ಬದಲಾಯ್ಸಿ.